ಅಣುವಿನ ಅಚ್ಚು, ವಿದ್ಯುತ್ತಿನ ಸಾಕ್ಷ್ಯ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರಗಿದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ಸಭೆಗಳಲ್ಲಿ ಕಳೆದ ನೂರು ವರ್ಷಗಳ ಸ್ಮರಣೆ ನಡೆಯುವುದು ಸಹಜ. ಅದು ಉಚಿತವೂ ಹೌದು. ಆದರೆ ಈ ಒಂದು ಗೋಷ್ಠಿಯನ್ನು ಮುಂದಣ ಕಾಲದ ವಿಷಯವೊಂದಕ್ಕೆ ಮೀಸಲಿಡಬೇಕೆಂದು ನಾವು ಅಧ್ಯಾಪಕರೆಲ್ಲ ಸೇರಿ ನಿಶ್ಚಯಿಸಿದೆವು. ಅದಕ್ಕೊಂದು ಕಾರಣವಿದೆ. ಪ್ರತಿ ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಬರುವ ರಕ್ಷಕರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಕನ್ನಡದಲ್ಲಿ ಕಲಿತ ಮಗುವಿಗೆ ಹೊಸ ವಿಜ್ಞಾನ ದಕ್ಕೀತೆ? ಈ ಪ್ರಶ್ನೆಗೆ ಅಭಿಮಾನದ ಮಾತುಗಳಿಂದ ಉತ್ತರ ಹೇಳಿ ಪ್ರಯೋಜನವಿಲ್ಲ. ಹೊಸ ವಿಜ್ಞಾನದ ಒಂದು ವಿಷಯವನ್ನೇ ಕೈಗೆತ್ತಿಕೊಂಡು, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೂ ಅವನ ಮನೆಯ ಅಜ್ಜಿಗೂ ತಿಳಿಯುವಂತೆ ಹೇಳಿ ತೋರಿಸುವುದೇ ಸರಿಯಾದ ಉತ್ತರ. ಸಾಹಿತ್ಯವನ್ನು ಓದಿ ಈ ವೃತ್ತಿಗೆ ಬಂದ ನಾವು, ವಿಜ್ಞಾನದ ಅಧ್ಯಾಪಕರ ನೆರವಿನಿಂದ ಇಂದು ಆ ಪ್ರಯತ್ನವನ್ನು ಮಾಡುತ್ತಿದ್ದೇವೆ.

ನಾವು ಆರಿಸಿಕೊಂಡ ವಿಷಯದ ಹೆಸರು ಸ್ವಲ್ಪ ಉದ್ದವಾಗಿದೆ: ಔಷಧಗಳನ್ನು ಪತ್ತೆಹಚ್ಚುವ, ಅಣುಮುದ್ರಿತ ಪಾಲಿಮರುಗಳಿಂದ ರಚಿತವಾದ ವಿದ್ಯುತ್‌ರಾಸಾಯನಿಕ ಸಂವೇದಕಗಳು. ಹೆಸರಿಗೆ ಹೆದರಬೇಕಾಗಿಲ್ಲ. ಇದರೊಳಗೆ ಇರುವುದು ಎರಡೇ ಕೆಲಸ. ಒಂದು, ಸಾವಿರಾರು ಅಣುಗಳ ಸಂತೆಯಲ್ಲಿ ನಮಗೆ ಬೇಕಾದ ಒಂದು ಔಷಧದ ಅಣುವನ್ನು ಗುರುತಿಸುವುದು. ಇನ್ನೊಂದು, ಗುರುತಿಸಿದ್ದು ಎಷ್ಟಿದೆ ಎಂಬುದನ್ನು ವಿದ್ಯುತ್ತಿನ ಮೂಲಕ ಹೇಳುವುದು. ಗುರುತಿಸುವ ಕೆಲಸ ಅಚ್ಚಿನದು, ಹೇಳುವ ಕೆಲಸ ವಿದ್ಯುತ್ತಿನದು.

ಕಣ್ಣಿಗೆ ಕಾಣದ ವಸ್ತುವನ್ನು ಅಳೆಯುವುದು ಏಕೆ ಮುಖ್ಯ ಎಂಬುದನ್ನು ಕಾಸರಗೋಡಿನ ಜನರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ನಮ್ಮ ಗುಡ್ಡಗಳ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂತಹ ಗ್ರಾಮಗಳಲ್ಲಿ ಮನೆಮನೆಗಳಲ್ಲಿ ಕಾಯಿಲೆ ಕಾಣಿಸಿಕೊಂಡಾಗ, ನೀರಿನಲ್ಲಿ, ಮಣ್ಣಿನಲ್ಲಿ, ರಕ್ತದಲ್ಲಿ ಆ ವಿಷ ಇದೆಯೇ ಇಲ್ಲವೇ ಎಂಬುದೇ ದೊಡ್ಡ ವಿವಾದವಾಯಿತು. 2001ರಲ್ಲಿ ಮಾದರಿಗಳನ್ನು ಪರೀಕ್ಷಿಸಿದ್ದು ದೂರದ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ. ಅನಂತರ ಅಧ್ಯಯನ ನಡೆಸಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಇವು ವಿಷವಿದೆ ಎಂದವು, ಬೇರೊಂದು ವರದಿ ಇಲ್ಲವೆಂದಿತು. ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. ಎಂಡೋಸಲ್ಫಾನ್ ಔಷಧವಲ್ಲ, ಕೀಟನಾಶಕ. ನಾವು ಇಂದು ಹೇಳಹೊರಟ ಸಾಧನ ಅದಕ್ಕಾಗಿ ಹುಟ್ಟಿದ್ದೂ ಅಲ್ಲ. ಆದರೂ ಆ ದೀರ್ಘ ಯಾತನೆಯಿಂದ ನಾವು ಒಂದು ಪಾಠವನ್ನು ಕಲಿತಿದ್ದೇವೆ. ನೊಂದವರು ಇರುವುದು ಒಂದು ಕಡೆ, ಅಳೆಯುವ ಯಂತ್ರ ಇರುವುದು ಇನ್ನೊಂದು ಕಡೆ, ವರದಿಯ ಭಾಷೆ ಮತ್ತೊಂದು ಎಂದಾದರೆ ಸತ್ಯ ಊರಿಗೆ ತಲಪುವಷ್ಟರಲ್ಲಿ ವರ್ಷಗಳು ಸಂದುಹೋಗುತ್ತವೆ.

ಈಗ ಔಷಧದ ಮಾತಿಗೆ ಬರೋಣ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಅನೇಕ ವೇಳೆ ಪ್ರಮಾಣದ್ದು ಮಾತ್ರ. ಥಿಯೊಫಿಲಿನ್ ಎಂಬ ಔಷಧವನ್ನು ಉದಾಹರಣೆಯಾಗಿ ನೋಡಬಹುದು. ಉಬ್ಬಸದ ರೋಗಿಗಳ ಶ್ವಾಸನಾಳಗಳನ್ನು ಸಡಿಲಿಸಲು ಇದನ್ನು ಬಹುಕಾಲದಿಂದ ಬಳಸುತ್ತಾರೆ. 1888ರಲ್ಲಿ ಜರ್ಮನಿಯ ಆಲ್ಬ್ರೆಖ್ಟ್ ಕೊಸೆಲ್ ಎಂಬ ವಿಜ್ಞಾನಿ ಇದನ್ನು ಚಹಾದ ಎಲೆಯಲ್ಲಿ ಕಂಡುಹಿಡಿದರು. ಹೆಸರಿನಲ್ಲಿಯೇ ಚಹಾ ಮತ್ತು ಎಲೆ ಎಂಬ ಅರ್ಥಗಳು ಅಡಗಿವೆ. ಒಂದು ಲೀಟರು ರಕ್ತದ ಸೀರಮ್ಮಿನಲ್ಲಿ ಈ ಔಷಧ 10ರಿಂದ 20 ಮಿಲಿಗ್ರಾಮಿನಷ್ಟು ಇರಬೇಕೆಂಬುದು ವೈದ್ಯರು ಬಹುಕಾಲ ಪಾಲಿಸಿಕೊಂಡು ಬಂದ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಉಬ್ಬಸ ಇಳಿಯದು. ಮಿತಿ ಮೀರಿದರೆ ವಾಂತಿ, ಎದೆಬಡಿತದ ಏರುಪೇರು, ಕೊನೆಗೆ ಸೆಳವು. ಒಂದೇ ಪ್ರಮಾಣದ ಮಾತ್ರೆಯನ್ನು ಇಬ್ಬರು ನುಂಗಿದರೂ ರಕ್ತದಲ್ಲಿ ಅದು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಧೂಮಪಾನ ಮಾಡುವವರ ದೇಹ ಅದನ್ನು ಬೇಗನೆ ಕರಗಿಸಿಬಿಡುತ್ತದೆ. ಯಕೃತ್ತು ದುರ್ಬಲವಾದವರಲ್ಲಿ, ಸಿಪ್ರೊಫ್ಲಾಕ್ಸಾಸಿನ್‌ನಂತಹ ಬೇರೊಂದು ಔಷಧವನ್ನು ಜೊತೆಗೆ ಸೇವಿಸುತ್ತಿರುವವರಲ್ಲಿ ಅದು ನಿಧಾನವಾಗಿ ಕರಗಿ ಮಟ್ಟ ಏರುತ್ತಾ ಹೋಗುತ್ತದೆ. ಆದುದರಿಂದ ನುಂಗಿದ್ದೆಷ್ಟು ಎಂದು ತಿಳಿದರೆ ಸಾಲದು, ರಕ್ತದಲ್ಲಿ ಇರುವುದೆಷ್ಟು ಎಂದು ತಿಳಿಯಬೇಕು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಮನೋರೋಗಕ್ಕೆ ಕೊಡುವ ಲಿಥಿಯಂ, ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಇವೆಲ್ಲವೂ ಇದೇ ಜಾತಿಗೆ ಸೇರಿದ, ಇಕ್ಕಟ್ಟಾದ ದಾರಿಯಲ್ಲಿ ನಡೆಯುವ ಔಷಧಗಳು.

ಅಳೆಯುವುದಕ್ಕೆ ಮೊದಲು ಗುರುತಿಸಬೇಕಷ್ಟೆ. ಕಷ್ಟವಿರುವುದು ಅಲ್ಲಿಯೇ. ಥಿಯೊಫಿಲಿನ್‌ಗೆ ಇಬ್ಬರು ಹತ್ತಿರದ ದಾಯಾದಿಗಳಿದ್ದಾರೆ. ಕಾಫಿಯಲ್ಲಿರುವ ಕೆಫೀನ್ ಒಂದು. ನಮ್ಮ ಅಡಿಕೆತೋಟಗಳ ನಡುವೆ ಬೆಳೆಯುವ ಕೊಕ್ಕೋ ಬೀಜದಲ್ಲಿರುವ ಥಿಯೊಬ್ರೊಮಿನ್ ಇನ್ನೊಂದು. ಮೂರರ ಮೈಕಟ್ಟೂ ಒಂದೇ. ಆ ಮೈಕಟ್ಟಿಗೆ ಅಂಟಿಕೊಂಡಿರುವ ಮಿಥೈಲ್ ಎಂಬ ಪುಟ್ಟ ಗುಂಪುಗಳಲ್ಲಿ ಮಾತ್ರ ವ್ಯತ್ಯಾಸ. ಥಿಯೊಫಿಲಿನ್‌ನಲ್ಲಿ ಒಂದನೆಯ ಮತ್ತು ಮೂರನೆಯ ಸ್ಥಾನಗಳಲ್ಲಿ ಎರಡು ಮಿಥೈಲುಗಳು. ಥಿಯೊಬ್ರೊಮಿನ್‌ನಲ್ಲಿ ಮೂರನೆಯ ಮತ್ತು ಏಳನೆಯ ಸ್ಥಾನಗಳಲ್ಲಿ ಎರಡು. ಕೆಫೀನ್‌ನಲ್ಲಿ ಒಂದು, ಮೂರು, ಏಳು ಈ ಮೂರೂ ಕಡೆಗಳಲ್ಲಿ. ಉಬ್ಬಸದ ರೋಗಿ ಬೆಳಗ್ಗೆ ಒಂದು ಲೋಟ ಕಾಫಿ ಕುಡಿದು ರಕ್ತಪರೀಕ್ಷೆಗೆ ಹೋದರೆನ್ನಿ. ಪರೀಕ್ಷಿಸುವ ಸಾಧನ ಕೆಫೀನನ್ನೂ ಔಷಧವೆಂದೇ ಎಣಿಸಿಬಿಟ್ಟರೆ ವೈದ್ಯರು ಔಷಧವನ್ನು ತಗ್ಗಿಸುತ್ತಾರೆ, ರಾತ್ರಿ ರೋಗಿಗೆ ಉಸಿರು ಕಟ್ಟುತ್ತದೆ. ಒಂದು ಮಿಥೈಲ್ ಗುಂಪನ್ನು ಗುರುತಿಸುವುದು ಇಲ್ಲಿ ಪ್ರಾಣದ ಪ್ರಶ್ನೆ.

ದೊಡ್ಡ ಪ್ರಯೋಗಾಲಯಗಳಲ್ಲಿ ಕ್ರೊಮಟೊಗ್ರಫಿ ಮತ್ತು ದ್ರವ್ಯರಾಶಿ ರೋಹಿತಮಾಪಕಗಳೆಂಬ ಯಂತ್ರಗಳು ಈ ಕೆಲಸವನ್ನು ಅತ್ಯಂತ ನಿಖರವಾಗಿ ಮಾಡುತ್ತವೆ. ಅವು ಬೆಲೆಬಾಳುವಂಥವು; ತರಬೇತಾದವರು ಬೇಕು, ಶುದ್ಧ ದ್ರಾವಕಗಳು ಬೇಕು, ನಿಲ್ಲದ ವಿದ್ಯುತ್ ಬೇಕು. ಇದಕ್ಕೆ ಪ್ರತಿಯಾಗಿ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇಂದು ಇರುವ ಗ್ಲುಕೋಮೀಟರನ್ನು ನೆನಪಿಸಿಕೊಳ್ಳಿ. ಬೆರಳ ತುದಿಯ ಒಂದು ತೊಟ್ಟು ರಕ್ತ, ಒಂದು ಪಟ್ಟಿ, ಕೆಲವು ಸೆಕೆಂಡುಗಳು, ಅಂಕಿ ಸಿದ್ಧ. ಅದೊಂದು ವಿದ್ಯುತ್‌ರಾಸಾಯನಿಕ ಸಂವೇದಕ. 1962ರಲ್ಲಿ ಅಮೆರಿಕದ ಲೀಲೆಂಡ್ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿ ಮುಂದಿಟ್ಟ ಕಿಣ್ವ-ವಿದ್ಯುದಗ್ರದ ಕಲ್ಪನೆಯೇ ಅದರ ಬೇರು. ಪಟ್ಟಿಯ ಮೇಲಿರುವ ಕಿಣ್ವ ಗ್ಲುಕೋಸನ್ನು ಮಾತ್ರ ಗುರುತಿಸುತ್ತದೆ, ಕ್ರಿಯೆಯಲ್ಲಿ ಹೊರಬಿದ್ದ ಎಲೆಕ್ಟ್ರಾನುಗಳನ್ನು ವಿದ್ಯುದಗ್ರ ಎಣಿಸುತ್ತದೆ. ಎಲ್ಲ ಔಷಧಗಳಿಗೂ ಇಂಥದೇ ಪಟ್ಟಿ ಏಕಿಲ್ಲ? ಏಕೆಂದರೆ ಪ್ರತಿಯೊಂದು ಔಷಧಕ್ಕೂ ಅನುಕೂಲವಾದ ಕಿಣ್ವವನ್ನು ಪ್ರಕೃತಿ ಇಟ್ಟಿಲ್ಲ. ಪ್ರತಿಕಾಯಗಳನ್ನು ಬಳಸೋಣವೆಂದರೆ ಅವುಗಳನ್ನು ಪಡೆಯಲು ಸಾಮಾನ್ಯವಾಗಿ ಪ್ರಾಣಿಗಳ ಮೊರೆಹೋಗಬೇಕು. ಅದರಲ್ಲಿಯೂ ಔಷಧದಂತಹ ಸಣ್ಣ ಅಣುವನ್ನು ಪ್ರಾಣಿಯ ದೇಹ ತಾನಾಗಿ ಲೆಕ್ಕಿಸುವುದಿಲ್ಲ, ಅದನ್ನು ಯಾವುದಾದರೂ ಪ್ರೋಟೀನಿಗೆ ಕಟ್ಟಿ ಚುಚ್ಚಬೇಕಾಗುತ್ತದೆ. ಹೀಗೆ ದೊರೆತ ಪ್ರತಿಕಾಯವೂ ಸೆಕೆಯಲ್ಲಿ ಕೆಡುವ ವಸ್ತು. ನಮ್ಮ ಕರಾವಳಿಯ ಬೇಸಗೆಯಲ್ಲಿ ಶೀತಕಪೆಟ್ಟಿಗೆ ಇಲ್ಲದೆ ಅದು ಬಾಳದು.

ಆಗ ಮನುಷ್ಯನ ಬುದ್ಧಿಗೆ ಹೊಳೆದದ್ದು ಅಚ್ಚಿನ ಉಪಾಯ. ಅಚ್ಚಿನ ಉಪಾಯ ನಮಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಲೋಹದ ವಿಗ್ರಹಗಳನ್ನು ಎರಕಹೊಯ್ಯುವ ಕ್ರಮದ ವಿವರಣೆಯಿದೆ. ಮೊದಲು ಜೇನುಮೇಣದಲ್ಲಿ ವಿಗ್ರಹವನ್ನು ರೂಪಿಸುತ್ತಾರೆ, ಅದರ ಸುತ್ತ ಮಣ್ಣನ್ನು ಮೆತ್ತುತ್ತಾರೆ, ಮಣ್ಣು ಒಣಗಿದ ಮೇಲೆ ಕಾಯಿಸಿ ಮೇಣವನ್ನು ಹೊರಹರಿಸುತ್ತಾರೆ. ಮೇಣ ಹೋದರೂ ಅದರ ಆಕಾರ ಮಣ್ಣಿನೊಳಗೆ ಪೊಟರೆಯಾಗಿ ಉಳಿಯುತ್ತದೆ. ಈ ಮೇಣದ ವಿಗ್ರಹದ ಜಾಗದಲ್ಲಿ ಒಂದು ಔಷಧದ ಅಣುವನ್ನೂ, ಮಣ್ಣಿನ ಜಾಗದಲ್ಲಿ ಪಾಲಿಮರನ್ನೂ ಇಟ್ಟು ಯೋಚಿಸಿದರೆ ಅಣುಮುದ್ರಣದ ತತ್ತ್ವ ತಿಳಿದಂತೆಯೇ. ವ್ಯತ್ಯಾಸವೊಂದಿದೆ. ಶಿಲ್ಪಿ ಆ ಪೊಟರೆಗೆ ಲೋಹವನ್ನು ಹೊಯ್ಯುತ್ತಾನೆ. ರಸಾಯನಶಾಸ್ತ್ರಜ್ಞ ಪೊಟರೆಯನ್ನು ಖಾಲಿ ಬಿಟ್ಟು, ಅದೇ ಆಕಾರದ ಇನ್ನೊಂದು ಅಣು ಬಂದು ಕುಳಿತುಕೊಳ್ಳುವುದನ್ನು ಕಾಯುತ್ತಾನೆ.

ಇದರ ಚರಿತ್ರೆಯೂ ಕುತೂಹಲಕರವಾಗಿದೆ. 1931ರಲ್ಲಿ ಸೋವಿಯತ್ ದೇಶದ ಪೊಲ್ಯಾಕೋವ್ ಎಂಬ ವಿಜ್ಞಾನಿ ಬೆನ್ಜೀನ್, ಟೊಲ್ವೀನ್ ಮೊದಲಾದ ದ್ರವಗಳ ಸನ್ನಿಧಿಯಲ್ಲಿ ಸಿಲಿಕಾ ಜೆಲ್ಲನ್ನು ಒಣಗಿಸಿದಾಗ, ಆ ಜೆಲ್ ತಾನು ಒಣಗುವಾಗ ಜೊತೆಗಿದ್ದ ದ್ರವವನ್ನೇ ಮುಂದೆ ಹೆಚ್ಚಾಗಿ ಹೀರಿಕೊಳ್ಳುವುದನ್ನು ಕಂಡರು. 1949ರಲ್ಲಿ ಲೈನಸ್ ಪಾಲಿಂಗ್ ಅವರ ವಿಚಾರಗಳಿಂದ ಪ್ರೇರಿತರಾದ ಫ್ರಾಂಕ್ ಡಿಕಿ ಅಮೆರಿಕದಲ್ಲಿ ಬಣ್ಣದ ಅಣುಗಳ ಗುರುತನ್ನು ಸಿಲಿಕಾದಲ್ಲಿ ಮೂಡಿಸಿದರು. 1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ಕೃತಕ ಪಾಲಿಮರುಗಳಲ್ಲಿ ಇದನ್ನು ಸಾಧಿಸಿದರು. ಸ್ವೀಡನ್ನಿನ ಲುಂಡ್ ನಗರದ ಕ್ಲೌಸ್ ಮೊಸ್ಬಾಕ್ ಮತ್ತು ಅವರ ಸಂಗಡಿಗರು ವಿಧಾನವನ್ನು ಸರಳಗೊಳಿಸಿ, 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಅವರು ಅಚ್ಚು ಹಾಕಿದ ಎರಡು ಔಷಧಗಳಲ್ಲಿ ಒಂದು ಡಯಜೆಪಾಮ್, ಇನ್ನೊಂದು ನಾವು ಈಗಷ್ಟೆ ಪರಿಚಯಿಸಿದ ಥಿಯೊಫಿಲಿನ್. ಥಿಯೊಫಿಲಿನ್ನಿನ ಅಚ್ಚು ಕೆಫೀನನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಪ್ರಾಣಿಯ ದೇಹದಿಂದ ಪಡೆದ ಪ್ರತಿಕಾಯಕ್ಕೆ ಸರಿಗಟ್ಟುವ ವಿವೇಕವನ್ನು ಒಂದು ಪ್ಲಾಸ್ಟಿಕ್ಕಿನ ಪುಡಿ ತೋರಿಸಿತು.

ಅಚ್ಚು ತಯಾರಾಗುವ ಕ್ರಮ ಹೀಗೆ. ಮೊದಲು ಔಷಧದ ಅಣುಗಳನ್ನು ಒಂದು ದ್ರಾವಕದಲ್ಲಿ ಕರಗಿಸುತ್ತಾರೆ. ಅದಕ್ಕೆ ಮೆಥಾಕ್ರಿಲಿಕ್ ಆಮ್ಲದಂತಹ ಮಾನೊಮರುಗಳನ್ನು ಸೇರಿಸುತ್ತಾರೆ. ಮಾನೊಮರುಗಳು ಹೈಡ್ರೊಜನ್ ಬಂಧಗಳ ಮೂಲಕ ಔಷಧದ ಅಣುವಿನ ಸುತ್ತ ಕೈಹಿಡಿದು ನಿಲ್ಲುತ್ತವೆ. ಬಳಿಕ, ಈ ಮಾನೊಮರುಗಳು ಕದಲದಂತೆ ಒಂದಕ್ಕೊಂದು ಅಡ್ಡಕೊಂಡಿಗಳನ್ನು ಹಾಕುವ ಇನ್ನೊಂದು ರಾಸಾಯನಿಕವನ್ನು ಧಾರಾಳವಾಗಿ ಬೆರೆಸಿ, ಶಾಖದಿಂದಲೋ ಬೆಳಕಿನಿಂದಲೋ ಎಲ್ಲವನ್ನೂ ಗಟ್ಟಿ ಪಾಲಿಮರಾಗಿಸುತ್ತಾರೆ. ಕೊನೆಯಲ್ಲಿ ಔಷಧದ ಅಣುಗಳನ್ನು ತೊಳೆದು ತೆಗೆಯುತ್ತಾರೆ. ಉಳಿಯುವ ಪೊಟರೆಗೆ ಔಷಧದ ಆಕಾರ ಮಾತ್ರವಲ್ಲ, ಅದನ್ನು ಕೈಹಿಡಿಯಬೇಕಾದ ಗುಂಪುಗಳೂ ಸರಿಯಾದ ಸ್ಥಾನಗಳಲ್ಲಿ ಇರುತ್ತವೆ. ಥಿಯೊಫಿಲಿನ್ನಿನ ಏಳನೆಯ ಸ್ಥಾನದಲ್ಲಿ ಒಂದು ಹೈಡ್ರೊಜನ್ ಇದೆ, ಅಲ್ಲಿ ಪೊಟರೆ ಅದನ್ನು ಹಿಡಿಯಬಲ್ಲದು. ಕೆಫೀನಿನಲ್ಲಿ ಅದೇ ಸ್ಥಾನವನ್ನು ಮಿಥೈಲ್ ಆಕ್ರಮಿಸಿದೆ. ಹಿಡಿಯಲು ಕೈಯಿಲ್ಲ, ಕುಳಿತುಕೊಳ್ಳಲು ಎಡೆಯೂ ಸಾಲದು. 1894ರಲ್ಲಿ ಎಮಿಲ್ ಫಿಷರ್ ಕಿಣ್ವಗಳ ಬಗೆಗೆ ಹೇಳಿದ ಬೀಗ ಮತ್ತು ಬೀಗದಕೈಯ ಹೋಲಿಕೆ ಇಲ್ಲಿಗೂ ಸಲ್ಲುತ್ತದೆ. ಇಲ್ಲಿ ಮಾತ್ರ ಬೀಗದಕೈಯನ್ನು ಮೊದಲಿಟ್ಟುಕೊಂಡು ಅದರ ಸುತ್ತ ಬೀಗವನ್ನು ಕಟ್ಟುತ್ತಾರೆ.

ಆದರೆ ಅಚ್ಚು ಮೂಕ. ತನ್ನೊಳಗೆ ಅಣು ಬಂದು ಕುಳಿತಿದೆ ಎಂದು ಅದು ಹೇಳಲಾರದು. 1993ರ ಆ ಪ್ರಯೋಗದಲ್ಲಿ ವಿಕಿರಣಶೀಲ ಗುರುತು ಹಚ್ಚಿದ ಔಷಧವನ್ನು ಬಳಸಿ ಲೆಕ್ಕ ಹಾಕಬೇಕಾಗಿತ್ತು. ವಿಕಿರಣವನ್ನು ಹಳ್ಳಿಯ ಆರೋಗ್ಯಕೇಂದ್ರಕ್ಕೆ ಒಯ್ಯಲಾಗದು. ಇಲ್ಲಿಯೇ ವಿದ್ಯುತ್‌ರಸಾಯನಶಾಸ್ತ್ರ ನೆರವಿಗೆ ಬರುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಉತ್ಕರ್ಷಣ ಮತ್ತು ಅಪಕರ್ಷಣ ಎಂದರೇನೆಂದು ಗೊತ್ತಿದೆ: ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಅನೇಕ ಔಷಧಗಳ ಅಣುಗಳಿಗೆ ತಕ್ಕಷ್ಟು ವಿಭವವನ್ನು ಕೊಟ್ಟರೆ ಅವು ವಿದ್ಯುದಗ್ರಕ್ಕೆ ಎಲೆಕ್ಟ್ರಾನನ್ನು ಕೊಡುತ್ತವೆ ಅಥವಾ ಅದರಿಂದ ಕಸಿದುಕೊಳ್ಳುತ್ತವೆ. ವಿಭವವನ್ನು ಮೆಲ್ಲಮೆಲ್ಲನೆ ಬದಲಿಸುತ್ತಾ ಹರಿಯುವ ವಿದ್ಯುತ್ತನ್ನು ದಾಖಲಿಸಿ ಪದಾರ್ಥಗಳನ್ನು ಪತ್ತೆಹಚ್ಚುವ ದಾರಿಯನ್ನು 1922ರಲ್ಲಿ ಪ್ರಾಗ್ ನಗರದ ಯಾರೊಸ್ಲಾವ್ ಹೆಯ್ರೋವ್‌ಸ್ಕಿ ತೆರೆದರು. ಅದಕ್ಕಾಗಿ 1959ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು.

ಇಂದಿನ ಸಂವೇದಕದಲ್ಲಿ ಮೂರು ವಿದ್ಯುದಗ್ರಗಳಿರುತ್ತವೆ. ಕ್ರಿಯೆ ನಡೆಯುವುದು ಒಂದರ ಮೇಲೆ. ವಿದ್ಯುನ್ಮಂಡಲವನ್ನು ಪೂರ್ಣಗೊಳಿಸುವುದು ಎರಡನೆಯದು. ವಿಭವವನ್ನು ಅಳೆಯಲು ಸ್ಥಿರವಾದ ಆಧಾರವನ್ನು ಒದಗಿಸುವುದು ಮೂರನೆಯದು, ಅದು ಸಾಮಾನ್ಯವಾಗಿ ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನದು. ಮೂರನ್ನೂ ಶಾಯಿಯಂತೆ ಒಂದು ಪಟ್ಟಿಯ ಮೇಲೆ ಮುದ್ರಿಸಬಹುದು. ಮೊದಲನೆಯ ವಿದ್ಯುದಗ್ರವನ್ನು ಮಾನೊಮರ್ ಮತ್ತು ಔಷಧಗಳಿರುವ ದ್ರಾವಣದಲ್ಲಿ ಅದ್ದಿ ವಿದ್ಯುತ್ ಹರಿಸಿದರೆ ಅದರ ಮೈಮೇಲೆಯೇ ಅತಿ ತೆಳುವಾದ ಅಚ್ಚಿನ ಪೊರೆ ಬೆಳೆಯುತ್ತದೆ. ಔಷಧವನ್ನು ತೊಳೆದು ತೆಗೆದರೆ ಸಂವೇದಕ ಸಿದ್ಧ.

ಅನಂತರ ಅಳತೆ. ಔಷಧ ತಾನೇ ಎಲೆಕ್ಟ್ರಾನ್ ಕೊಡಬಲ್ಲದ್ದಾದರೆ, ಪೊಟರೆಗಳಲ್ಲಿ ಎಷ್ಟು ಅಣುಗಳು ಸೇರಿವೆಯೋ ಅಷ್ಟಕ್ಕೆ ತಕ್ಕಂತೆ ವಿದ್ಯುತ್ ಏರುತ್ತದೆ. ಕೊಡಲಾರದ ಔಷಧವಾದರೆ ಬೇರೊಂದು ಜಾಣ್ಮೆ. ದ್ರಾವಣದಲ್ಲಿ ಫೆರಿಸಯನೈಡಿನಂತಹ, ಸುಲಭವಾಗಿ ಎಲೆಕ್ಟ್ರಾನ್ ವಿನಿಮಯ ಮಾಡುವ ಪದಾರ್ಥವನ್ನು ಬೆರೆಸುತ್ತಾರೆ. ಪೊಟರೆಗಳು ಖಾಲಿಯಿದ್ದಾಗ ಅದು ಅವುಗಳ ಮೂಲಕ ನುಸುಳಿ ವಿದ್ಯುದಗ್ರವನ್ನು ಮುಟ್ಟುತ್ತದೆ, ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಔಷಧದ ಅಣುಗಳು ಬಂದು ಕುಳಿತಂತೆ ಬಾಗಿಲುಗಳು ಮುಚ್ಚುತ್ತವೆ, ವಿದ್ಯುತ್ ಇಳಿಯುತ್ತದೆ. ಇಳಿದ ಪ್ರಮಾಣವೇ ಔಷಧದ ಪ್ರಮಾಣವನ್ನು ಹೇಳುತ್ತದೆ. ವಿದ್ಯುತ್ತು ಎಷ್ಟು ಸೂಕ್ಷ್ಮವಾದ ಸಾಕ್ಷಿ ಎಂಬುದಕ್ಕೆ ಒಂದು ಲೆಕ್ಕ: ಒಂದು ನ್ಯಾನೊ ಆಂಪಿಯರ್, ಅಂದರೆ ಆಂಪಿಯರಿನ ನೂರು ಕೋಟಿಯಲ್ಲಿ ಒಂದು ಭಾಗ ಹರಿಯಿತೆಂದರೂ ಸೆಕೆಂಡಿಗೆ ಸುಮಾರು 624 ಕೋಟಿ ಎಲೆಕ್ಟ್ರಾನುಗಳು ದಾಟಿದವೆಂದು ಅರ್ಥ. ಇಂದಿನ ಸಾಮಾನ್ಯ ಉಪಕರಣಗಳೂ ಈ ಮಟ್ಟದ ವಿದ್ಯುತ್ತನ್ನು ಅಳೆಯಬಲ್ಲವು.

ಇಷ್ಟೊಂದು ಸೂಕ್ಷ್ಮತೆ ಯಾರಿಗೆ ಬೇಕು ಎಂಬುದಕ್ಕೆ ಉತ್ತರವಾಗಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕದ ಕಥೆಯನ್ನು ಹೇಳಬೇಕು. 1947ರಲ್ಲಿ ಮಣ್ಣಿನ ಸೂಕ್ಷ್ಮಾಣುವೊಂದರಿಂದ ಇದನ್ನು ಬೇರ್ಪಡಿಸಿದರು. ವಿಷಮಶೀತಜ್ವರದಿಂದ ಇದು ಅಸಂಖ್ಯ ಪ್ರಾಣಗಳನ್ನು ಉಳಿಸಿದೆ. ಆದರೆ ಅತಿ ವಿರಳವಾಗಿ, ಸಾವಿರಾರು ಜನರಲ್ಲಿ ಒಬ್ಬರಿಗೆ, ಎಲುಬಿನ ಮಜ್ಜೆ ಬತ್ತಿಹೋಗಿ ರಕ್ತವೇ ಉತ್ಪತ್ತಿಯಾಗದ ಮಾರಕ ಸ್ಥಿತಿಯನ್ನು ಇದು ತರುತ್ತದೆ. ಆ ಅಪಾಯ ಪ್ರಮಾಣವನ್ನು ಅವಲಂಬಿಸಿಲ್ಲ. ಇಷ್ಟರವರೆಗೆ ಸುರಕ್ಷಿತ ಎಂದು ಗೆರೆ ಎಳೆಯಲಾಗದ ಕಾರಣ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಇದನ್ನು ಕೊಡುವುದನ್ನು ಅನೇಕ ದೇಶಗಳು ನಿಷೇಧಿಸಿವೆ. 2001-02ರ ಸುಮಾರಿಗೆ ಏಷ್ಯಾದ ದೇಶಗಳಿಂದ ಯುರೋಪಿಗೆ ಹೋದ ಸಿಗಡಿಯಲ್ಲಿ ಇದರ ಅಂಶ ಕಂಡುಬಂದು ದೊಡ್ಡ ಕೋಲಾಹಲವಾಯಿತು. 2003ರಲ್ಲಿ ಯುರೋಪಿಯನ್ ಒಕ್ಕೂಟವು, ಕಿಲೊಗ್ರಾಮಿಗೆ 0.3 ಮೈಕ್ರೊಗ್ರಾಮಿನಷ್ಟಿದ್ದರೂ ಕಂಡುಹಿಡಿಯಬಲ್ಲ ಪರೀಕ್ಷೆ ಬೇಕೆಂದು ವಿಧಿಸಿತು.

ಮಕ್ಕಳೆ, ಈ ಅಂಕಿಯನ್ನು ನೀವೇ ಲೆಕ್ಕ ಮಾಡಿ ನೋಡಿ. ಒಂದು ಟನ್ ಸಿಗಡಿಯಲ್ಲಿ 0.3 ಮಿಲಿಗ್ರಾಮ್. 250 ಮಿಲಿಗ್ರಾಮಿನ ಒಂದೇ ಒಂದು ಕ್ಯಾಪ್ಸೂಲನ್ನು ಸಮವಾಗಿ ಹಂಚಿದರೆ 833 ಟನ್ ಸಿಗಡಿ ಆ ಮಿತಿಯನ್ನು ಮುಟ್ಟುತ್ತದೆ. ಸಮುದ್ರೋತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರದ ಕೇಂದ್ರ ಕಚೇರಿ ಇರುವುದು ನಮ್ಮ ರಾಜ್ಯದ ಕೊಚ್ಚಿಯಲ್ಲಿ. ಈ ವಿಷಯ ನಮ್ಮ ಕರಾವಳಿಗೆ ದೂರದ್ದಲ್ಲ. ಕೆರೆಯಲ್ಲಿ ಸಿಗಡಿ ಸಾಕುವ ಸಣ್ಣ ಕೃಷಿಕ ತಾನು ಕೊಂಡ ಮೇವಿನಲ್ಲಿ ಏನಿದೆಯೆಂದು ತಿಳಿಯುವುದು ಹೇಗೆ? ಸರಕು ಹಡಗನ್ನೇರಿ ಹೊರದೇಶದ ಬಂದರಿನಲ್ಲಿ ತಿರಸ್ಕೃತವಾದ ಮೇಲೆ ತಿಳಿದು ಫಲವಿಲ್ಲ. ಕ್ಲೋರಾಂಫೆನಿಕಾಲಿನ ಅಣುವಿನಲ್ಲಿ ನೈಟ್ರೊ ಗುಂಪು ಒಂದಿದೆ, ಅದು ವಿದ್ಯುದಗ್ರದಿಂದ ಸುಲಭವಾಗಿ ಎಲೆಕ್ಟ್ರಾನುಗಳನ್ನು ಸ್ವೀಕರಿಸಿ ಅಪಕರ್ಷಣ ಹೊಂದುತ್ತದೆ. ಆದುದರಿಂದಲೇ ಅದರ ಅಚ್ಚು ಹಾಕಿದ ವಿದ್ಯುದಗ್ರಗಳನ್ನು ಅನೇಕ ಪ್ರಯೋಗಾಲಯಗಳಲ್ಲಿ ರೂಪಿಸಿದ್ದಾರೆ. ಕೆರೆಯ ದಂಡೆಯಲ್ಲಿಯೇ ಪರೀಕ್ಷೆ ನಡೆಯಬೇಕೆಂಬುದು ಆ ಎಲ್ಲ ಪ್ರಯತ್ನಗಳ ಹಿಂದಿರುವ ಆಶಯ.

ಇಷ್ಟು ಹೇಳಿದ ಮೇಲೆ ಈ ವಿದ್ಯೆಯ ಮಿತಿಗಳನ್ನೂ ಹೇಳದಿದ್ದರೆ ಅಧ್ಯಾಪಕರಾದ ನಮಗೆ ಶೋಭಿಸದು. ಅಚ್ಚಿನ ಪೊಟರೆಗಳೆಲ್ಲ ಒಂದೇ ತೆರನಾಗಿ ಇರುವುದಿಲ್ಲ. ಕೆಲವು ಬಿಗಿ, ಕೆಲವು ಸಡಿಲ. ತೊಳೆದಾಗ ಒಳಗೇ ಉಳಿದ ಅಚ್ಚಿನ ಅಣು ಮುಂದೆ ಮೆಲ್ಲನೆ ಸೋರಿ, ಇಲ್ಲದ ಔಷಧವನ್ನು ಇದೆಯೆಂದು ತೋರಿಸಬಹುದು. ರಕ್ತವೆಂಬುದು ಶುದ್ಧ ದ್ರಾವಣವಲ್ಲ. ಅದರ ಪ್ರೋಟೀನುಗಳು ಪೊರೆಗೆ ಅಂಟಿ ಬಾಗಿಲುಗಳನ್ನು ಮುಚ್ಚುತ್ತವೆ. ಯೂರಿಕ್ ಆಮ್ಲ, ಸಿ ಜೀವಸತ್ವ, ಜ್ವರಕ್ಕೆ ನುಂಗಿದ ಪ್ಯಾರಸಿಟಮಾಲ್ ಕೂಡ ಎಲೆಕ್ಟ್ರಾನ್ ಕೊಟ್ಟು ಲೆಕ್ಕವನ್ನು ಕಲಕುತ್ತವೆ. ಇಂದು ತಯಾರಿಸಿದ ಪಟ್ಟಿಗೂ ನಾಳೆ ತಯಾರಿಸಿದ ಪಟ್ಟಿಗೂ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುವುದು ಸುಲಭವಲ್ಲ. ಆದುದರಿಂದ ಅಣುಮುದ್ರಿತ ಪಾಲಿಮರುಗಳು ಇಂದಿಗೆ ಹೆಚ್ಚಾಗಿ ಮಾರುಕಟ್ಟೆಯಲ್ಲಿ ದೊರೆಯುವುದು ಪರೀಕ್ಷೆಗೆ ಮುನ್ನ ಮಾದರಿಯನ್ನು ಸೋಸಿ ಶುದ್ಧಗೊಳಿಸುವ ಸಾಧನಗಳಾಗಿ. ಸಂವೇದಕಗಳು ಬಹುಪಾಲು ಪ್ರಯೋಗಾಲಯದ ಹೊಸ್ತಿಲಲ್ಲಿಯೇ ನಿಂತಿವೆ. ನಾಳೆ ಅವು ಹೊರಬಂದರೂ ಮೊದಲ ಜರಡಿಯ ಕೆಲಸವನ್ನು ಮಾಡಬೇಕೇ ಹೊರತು ಅಂತಿಮ ತೀರ್ಪನ್ನು ದೊಡ್ಡ ಯಂತ್ರಗಳಿಂದಲೇ ಪಡೆಯಬೇಕು. ಒಂದು ತಪ್ಪು ಅಂಕಿ ಕೃಷಿಕನ ವರ್ಷದ ದುಡಿಮೆಯನ್ನು ಮುಳುಗಿಸಬಹುದು, ರೋಗಿಯ ಔಷಧವನ್ನು ತಪ್ಪಿಸಬಹುದು.

ಈ ವಿದ್ಯೆಯಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ಒಂದು ನಿಯಮವಿದೆ. ಅಚ್ಚು ಹಾಕಿದ ಪಾಲಿಮರನ್ನು ತಯಾರಿಸುವವರು ಜೊತೆಯಲ್ಲಿಯೇ ಇನ್ನೊಂದು ಪಾಲಿಮರನ್ನೂ ತಯಾರಿಸುತ್ತಾರೆ. ಅದೇ ಮಾನೊಮರ್, ಅದೇ ದ್ರಾವಕ, ಅದೇ ಶಾಖ. ಔಷಧದ ಅಣು ಮಾತ್ರ ಇರುವುದಿಲ್ಲ. ಈ ಅಚ್ಚಿಲ್ಲದ ಪಾಲಿಮರ್ ಕೂಡ ಸ್ವಲ್ಪ ಔಷಧವನ್ನು ಹಿಡಿದುಕೊಳ್ಳುತ್ತದೆ, ಏಕೆಂದರೆ ಅಂಟಿಕೊಳ್ಳುವ ಗುಣ ಎಲ್ಲ ಮೇಲ್ಮೈಗಳಲ್ಲಿಯೂ ಇದೆ. ಅಚ್ಚಿನದು ಅದಕ್ಕಿಂತ ಎಷ್ಟುಪಾಲು ಹೆಚ್ಚು ಹಿಡಿಯಿತು ಎಂಬುದನ್ನು ತೋರಿಸಿದಾಗ ಮಾತ್ರ ಅದು ನಿಜವಾಗಿ ಗುರುತಿಸಿತೆಂದು ಒಪ್ಪುತ್ತಾರೆ. ಹೋಲಿಕೆಯಿಲ್ಲದ ಅಳತೆಯನ್ನು ನಂಬಬಾರದು. ಈ ಒಂದು ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇರಿಸಿಕೊಂಡರೆ, ಜಾಹೀರಾತಿನ ಔಷಧಗಳ ಮುಂದೆಯೂ, ಯಾರೋ ಬರೆದ ವರದಿಗಳ ಮುಂದೆಯೂ ಅವರು ಸರಿಯಾದ ಪ್ರಶ್ನೆಯನ್ನು ಕೇಳಬಲ್ಲರು: ಇದನ್ನು ಯಾವುದರೊಡನೆ ಹೋಲಿಸಿದಿರಿ?

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇವೆ. ಕನ್ನಡದಲ್ಲಿ ಹೊಸ ವಿಜ್ಞಾನ ದಕ್ಕೀತೆ? ಈ ಸಭೆಯಲ್ಲಿ ಇದುವರೆಗೆ ಕುಳಿತು ಕೇಳಿದ ನೀವೇ ಅದಕ್ಕೆ ಉತ್ತರ ಹೇಳಬೇಕು. ಪಾಲಿಮರ್, ಮಿಥೈಲ್, ಆಂಪಿಯರ್ ಮೊದಲಾದ ಪದಗಳನ್ನು ನಾವು ಸಂಕೋಚವಿಲ್ಲದೆ ಬಳಸಿದ್ದೇವೆ; ಅವು ಲೋಕದ ಅನೇಕ ಭಾಷೆಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಇವೆ. ಪೊಟರೆ, ಅಚ್ಚು, ಜರಡಿ, ಅಡ್ಡಕೊಂಡಿ ಇವು ನಮ್ಮ ಮನೆಯ ಮಾತುಗಳು, ವಿಷಯವನ್ನು ಮನಸ್ಸಿಗೆ ಮುಟ್ಟಿಸಿದವು ಇವೇ. ನಮ್ಮ ಮಕ್ಕಳು ಮುಂದೆ ಇಂಗ್ಲಿಷಿನಲ್ಲಿ ಓದಲೇಬೇಕಾಗುತ್ತದೆ, ಮಲಯಾಳವನ್ನೂ ಕಲಿಯುತ್ತಾರೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ರಕ್ತದ ಮಾದರಿಯನ್ನು ಕೊಡುವವರು, ಕೆರೆಯ ನೀರನ್ನು ಕುಡಿಯುವವರು ಇರುವುದು ಈ ಊರಿನಲ್ಲಿ, ಈ ಭಾಷೆಯಲ್ಲಿ. ಅಂಕಿಯ ಅರ್ಥವನ್ನು ಅವರಿಗೆ ಅವರ ಮಾತಿನಲ್ಲಿ ಹೇಳಬಲ್ಲ ವಿದ್ಯಾವಂತರು ಬೇಕು. ಅಂಥವರು ಬೇರೆಲ್ಲಿಂದಲೋ ಬರುವುದಿಲ್ಲ, ಇಂತಹ ಶಾಲೆಗಳಿಂದಲೇ ಬರಬೇಕು.

ಹಳೆವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ಶತಮಾನೋತ್ಸವದ ನೆನಪಿಗಾಗಿ ಸ್ವಾಗತದ್ವಾರವನ್ನು ಕಟ್ಟಿಸುವ ಮಾತು ನಡೆಯುತ್ತಿದೆ. ದ್ವಾರವೂ ಆಗಲಿ, ಆದರೆ ಅದಕ್ಕೆ ಮೊದಲು ಪ್ರಯೋಗಾಲಯ ಆಗಲಿ. ತಾಮ್ರ ಮತ್ತು ಸತುವಿನ ತಗಡುಗಳನ್ನು ಲಿಂಬೆಹಣ್ಣಿಗೆ ಚುಚ್ಚಿ ಮಾಪಕದ ಮುಳ್ಳು ಕದಲುವುದನ್ನು ಪ್ರತಿಯೊಂದು ಮಗುವೂ ತನ್ನ ಕೈಯಾರೆ ಮಾಡಿ ನೋಡಲಿ. ಹೆಯ್ರೋವ್‌ಸ್ಕಿಯವರೆಗೆ ಹೋಗುವ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ. ಪ್ರತಿ ಮಳೆಗಾಲದ ಮೊದಲು ಮತ್ತು ಅನಂತರ ತಮ್ಮ ಮನೆಯ ಬಾವಿನೀರಿನ ಆಮ್ಲೀಯತೆಯನ್ನು ಅಳೆದು, ಹೋಲಿಸಿ, ದಿನಾಂಕ ಹಾಕಿ, ಕನ್ನಡದಲ್ಲಿ ಬರೆದಿಡುವ ಒಂದು ದಾಖಲೆಪುಸ್ತಕವನ್ನು ಈ ವರ್ಷವೇ ಆರಂಭಿಸಬೇಕೆಂದು ನಾವು ಸಂಕಲ್ಪಿಸಿದ್ದೇವೆ. ಯಂತ್ರಗಳು ಬರುವಾಗ ಬರಲಿ. ಅಳೆಯುವ ಶಿಸ್ತು ಅದಕ್ಕಿಂತ ಮೊದಲೇ ಇಲ್ಲಿ ನೆಲೆಸಿರಲಿ.